ಮೈ ಕಮಟಾಗದ ಹಾಗೆ

ಗಂಟು ಮೊದಲು ಕೈಗೆ ಸಿಕ್ಕಿದ್ದು ಬಚ್ಚಲಲ್ಲಿ ಎಂದು ಚಳ್ಳಕೆರೆಯ ಡಾಕ್ಟರಿಗೆ ಹೇಳಿದ್ದೆ. ದಾವಣಗೆರೆಯಲ್ಲಿ ಕೇಳಿದಾಗ, ಶಾಲೆಯಲ್ಲಿ ಬೋರ್ಡ್ ಒರೆಸಲು ಕೈ ಎತ್ತಿದಾಗ ಎಂದೆ. ಬೆಂಗಳೂರಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂದಾಗ ಎರಡನ್ನೂ ಬಿಟ್ಟು, ಬಸ್ಸಿನಲ್ಲಿ ಯಾರದೋ ಮೊಣಕೈ ತಗುಲಿ ಗೊತ್ತಾಯಿತು ಎಂದೆ. ಮೂರೂ ಸುಳ್ಳಲ್ಲ. ಮೂರೂ ನಡೆದಿವೆ. ಯಾವುದು ಮೊದಲು ಎಂಬುದು ಮಾತ್ರ ನನಗೆ ಗೊತ್ತಿಲ್ಲ. ಕೇಸ್ ಶೀಟ್ ಬರೆಯುವವರಿಗೆ ಏನಾದರೊಂದು ಮೊದಲು ಬೇಕು. ಕೊಟ್ಟೆ.

ಎಡಗಡೆಯ ಸ್ತನದಲ್ಲಿ. ಶೇಂಗಾ ಬೀಜದಷ್ಟಿತ್ತು. ಚಳ್ಳಕೆರೆಯ ಡಾಕ್ಟರು ಒತ್ತಿ ನೋಡಿ, ಈ ವಯಸ್ಸಿನಲ್ಲಿ ಇಂಥವು ಬರುತ್ತವೆ, ಕರಗುತ್ತವೆ ಎಂದು ಹಳದಿ ಎಣ್ಣೆ ತುಂಬಿದ ಕ್ಯಾಪ್ಸೂಲ್ ಬರೆದುಕೊಟ್ಟರು. ವಿಟಮಿನ್ ಇ. ನುಂಗಿದೆ. ಗಂಟು ಕರಗಲಿಲ್ಲ. ದೀಪಾವಳಿಯ ಹೊತ್ತಿಗೆ ನಿಂಬೆಹಣ್ಣಿನಷ್ಟಾಯಿತು. ಕ್ಯಾನ್ಸರ್ ನಿಧಾನವಾಗಿ ಬೆಳೆಯುತ್ತದೆ, ಇಷ್ಟು ಬೇಗ ಬೆಳೆಯುತ್ತಿರುವುದರಿಂದ ಇದು ಕ್ಯಾನ್ಸರ್ ಇರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲಿ ಓದಿದ್ದೆನೋ.

ದಾವಣಗೆರೆಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಬಯಾಪ್ಸಿ ತೆಗೆದರು. ರಿಪೋರ್ಟ್ ಬಂದ ದಿನ ಸರ್ಜನ್ ನನ್ನನ್ನು ಹೊರಗೆ ಕೂರಲು ಹೇಳಿ ಮಾವನನ್ನು ಮಾತ್ರ ಒಳಗೆ ಕರೆದರು. ಆಗಲೇ ಗೊತ್ತಾಯಿತು.

ಕ್ಯಾನ್ಸರ್.

ಮಾವ ಎಂದರೆ ನನ್ನ ಗಂಡ, ತಿಪ್ಪೇಸ್ವಾಮಿ. ಅವ್ವನ ಕಡೇ ತಮ್ಮ. ಚಿಕ್ಕಂದಿನಲ್ಲಿ ಕೊಂಡ್ಲಹಳ್ಳಿಯ ನಮ್ಮ ಮನೆಗೆ ಬಂದಾಗಲೆಲ್ಲ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ತಿರುಗಿಸುತ್ತಿದ್ದ. ಮದುವೆಯಾದ ಮೇಲೂ ಮಾವ ಮಾವನಾಗಿಯೇ, ಏಕವಚನದಲ್ಲೇ ಉಳಿದುಕೊಂಡ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೇಸ್ತ್ರಿ. ಎಣ್ಣೆಯನ್ನು ಎರಡು ತೊಟ್ಟು ಅಂಗೈಗೆ ಹಾಕಿಕೊಂಡು, ಉಜ್ಜಿ, ಮೂಗಿಗೆ ಹಿಡಿದು, ಇದು ಈ ವರ್ಷದ್ದು, ಇದು ಹಳೇ ಬೀಜದ್ದು, ಇದು ಕಮಟು ಹಿಡಿಯಲು ಶುರುವಾಗಿದೆ ಎಂದು ಹೇಳುತ್ತಾನೆ. ಅವನ ಮೂಗು ತಪ್ಪುವುದಿಲ್ಲ ಎಂದು ಮಿಲ್ಲಿನಲ್ಲಿ ಹೆಸರಿದೆ. ಮನೆಯಲ್ಲೂ.

ಈ ಮೂಗೇ ನಮ್ಮನ್ನು ಹಾಳು ಮಾಡಿತೋ ಏನೋ. ಮಾಡಲಿಲ್ಲವೋ ಏನೋ. ಈ ಬರಹ ಪೂರಾ ಈ ಎರಡು ಏನೋಗಳ ನಡುವೆ ಇದೆ.

ಆಪರೇಷನ್‌ಗೆ ಮುಂಚಿನ ದಿನ ವಾರ್ಡಿಗೆ ವೀಣಾ ಎಂಬ ಡಾಕ್ಟರು ಬಂದರು. ಬಯೋಕೆಮಿಸ್ಟ್ರಿಯಲ್ಲಿ ಪಿಜಿ ಓದುತ್ತಿದ್ದವರು. ಅವರ ಓದಿಗೆ ನನ್ನಂಥವರ ರಕ್ತ ಬೇಕಿತ್ತು. ಆಕ್ಸಿಡೇಟಿವ್ ಸ್ಟ್ರೆಸ್ ನೋಡುತ್ತೇವೆ, ಆಂಟಿಆಕ್ಸಿಡೆಂಟ್ ಎನ್‌ಜೈಮ್‌ಗಳನ್ನು ನೋಡುತ್ತೇವೆ ಎಂದರು. ನಮ್ಮಿಬ್ಬರಿಗೂ ಒಂದೂ ತಿಳಿಯಲಿಲ್ಲ. ಯಾವೂರು ಎಂದು ಕೇಳಿದರು. ಮಾವ ಊರೂ ಹೇಳಿದ, ಮಿಲ್ಲೂ ಹೇಳಿದ. ಅವರಿಗೆ ಖುಷಿಯಾಯಿತು.

"ಹಂಗಾದ್ರೆ ನಿಮಗೇ ಗೊತ್ತು. ಎಣ್ಣೆ ಬಾಯಿ ತೆಗೆದು ಬಿಟ್ರೆ ಏನಾಗುತ್ತೆ?"

"ಕಮಟು ಹಿಡೀತೈತೆ" ಎಂದ ಮಾವ. "ಬೆಳಕು ಬಿದ್ರೂ ಹಿಡೀತೈತೆ. ಕಾವಿಗೂ ಹಿಡೀತೈತೆ. ತಾಮ್ರ ತಾಕಿದ್ರಂತೂ ಇನ್ನೂ ಬೇಗ."

"ಕರೆಕ್ಟ್. ಮೈಯೊಳಗೂ ಅಂಥದ್ದೇ ನಡೆಯುತ್ತೆ. ಅದನ್ನ ತಡೆಯೋಕೆ ಮೈಯೇ ಕೆಲವು ಎನ್‌ಜೈಮ್ ಮಾಡ್ಕೊಳ್ಳುತ್ತೆ. ಈ ಕಾಯಿಲೆಯಲ್ಲಿ ಆ ಲೆಕ್ಕ ಏರುಪೇರಾಗುತ್ತೆ. ಅದಕ್ಕೇ ನೋಡೋದು."

ಒಂದು ಎನ್‌ಜೈಮ್ ವಿಷವನ್ನು ಅರ್ಧ ತಣಿಸಿ ಮುಂದಕ್ಕೆ ದಾಟಿಸುತ್ತದೆ, ಇನ್ನೊಂದು ಅದನ್ನು ನೀರು ಮಾಡಿಬಿಡುತ್ತದೆ ಎಂದು ವಿವರಿಸಿದರು. ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಕ್ಯಾಟಲೇಸ್. ಶಾಲೆ ಟೀಚರಾದ್ದರಿಂದ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ಆಸ್ಪತ್ರೆ ಮೆಟ್ಟಿಲು ಹತ್ತಿದಾಗಿನಿಂದ ಕಲ್ಲಿನ ಹಾಗಿದ್ದ ಮಾವನ ಮುಖದಲ್ಲಿ ಅವತ್ತು ಜೀವ ಬಂತು. ಅಲ್ಲಿಯವರೆಗೆ ಯಾರು ಏನು ಹೇಳಿದರೂ ಅವನಿಗೆ ತಲೆಗೆ ಹೋಗಿರಲಿಲ್ಲ. ಇದು ಹೋಯಿತು. ಡಾಕ್ಟರ್ ವೀಣಾ ನನ್ನ ರಕ್ತದ ಟ್ಯೂಬು ಹಿಡಿದುಕೊಂಡು ಹೋದ ಮೇಲೆ ನನ್ನ ಮಂಚದ ಅಂಚಿನಲ್ಲಿ ಕೂತು ನಿಧಾನಕ್ಕೆ ಹೇಳಿದ:

"ಕಮಟು ಕಣೇ. ಇಷ್ಟೇಯಾ ಇದು?"

ಆಪರೇಷನ್ ಆಯಿತು. ಎಡಗಡೆ ಪೂರಾ ತೆಗೆದರು. ಕಂಕುಳ ಗಂಟುಗಳನ್ನೂ ತೆಗೆದರು. ರಿಪೋರ್ಟಿನಲ್ಲಿ ಗ್ರೇಡ್ ತ್ರೀ ಎಂದಿತ್ತು. ಮೂರನೇ ಸ್ಟೇಜಾ ಎಂದು ಕೇಳಿದೆ. ಅಲ್ಲ, ಸ್ಟೇಜ್ ಎಂದರೆ ಎಷ್ಟು ದೂರ ಹೋಗಿದೆ ಎಂಬುದು, ಗ್ರೇಡ್ ಎಂದರೆ ಅದರ ಸ್ವಭಾವ, ನಿಮ್ಮದು ಸ್ವಲ್ಪ ಮುಂಗೋಪದ್ದು ಎಂದರು ಸರ್ಜನ್. ಹಾರ್ಮೋನ್ ರಿಸೆಪ್ಟರ್ ಇಲ್ಲ ಎಂದೂ ಹೇಳಿದರು. ವರ್ಷಗಟ್ಟಲೆ ನುಂಗುವ ಒಂದು ಮಾತ್ರೆ ಇದೆಯಂತೆ, ಅದು ನನಗೆ ಕೆಲಸ ಮಾಡುವುದಿಲ್ಲವಂತೆ. ಕೀಮೋ, ಆಮೇಲೆ ರೇಡಿಯೇಷನ್, ಅಷ್ಟೇ ನನ್ನ ಪಾಲಿನವು.

ಮಾವನಿಗೆ ಅದಿಷ್ಟೂ ಸಾಲಲಿಲ್ಲ. ಕಮಟು ತಡೆಯುವುದು ಅವನಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದ.

ನಾನು ಮನೆಗೆ ಬರುವಷ್ಟರಲ್ಲಿ ಕೋಣೆ ಬದಲಾಗಿತ್ತು. ಬೀದಿ ಕಡೆಯ ಕಿಟಕಿಗೆ ಕರಿ ಕಂಬಳಿ ಹೊಡೆದಿದ್ದ. ಬೆಳಕು ಬರಬಾರದು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದ. ಗಾಳಿ ಆಡಬಾರದು. ನಾನು ಒಲೆಯ ಹತ್ತಿರ ಹೋಗುವ ಹಾಗಿಲ್ಲ. ಕುಡಿಯುವ ನೀರಿನ ತಾಮ್ರದ ಬಿಂದಿಗೆ ಅಟ್ಟ ಸೇರಿತ್ತು. ಎಣ್ಣೆಗೆ ಬೇಡದ್ದು ಯಾವುದೂ ನನಗೂ ಬೇಡ. ಎಣ್ಣೆಯನ್ನು ಡಬ್ಬಿಯ ಬಾಯಿಯವರೆಗೆ ತುಂಬಿಸಿಡಬೇಕು, ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯೇ ಕೆಡಿಸುತ್ತದೆ ಎಂಬುದು ಇನ್ನೊಂದು ನಿಯಮ. ಹಾಗಾಗಿ ನನಗೆ ಹೊಟ್ಟೆ ತುಂಬ ತಿನ್ನಿಸುತ್ತಿದ್ದ. ವಾಂತಿ ಮಾಡಿಕೊಂಡರೆ ಮತ್ತೆ ತಿನ್ನಿಸುತ್ತಿದ್ದ.

ಮತ್ತೆ ಆ ಹಳದಿ ಕ್ಯಾಪ್ಸೂಲ್. ಅಲಮಾರಿಯಲ್ಲಿ ಮಿಕ್ಕ ಸ್ಟ್ರಿಪ್ಪನ್ನು ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋಗಿ ಅದೇನು ಮಾಡುತ್ತದೆ ಎಂದು ಕೇಳಿದನಂತೆ. ಆಂಟಿಆಕ್ಸಿಡೆಂಟ್ ಎಂದರಂತೆ. ಡಾಕ್ಟರ್ ವೀಣಾ ಹೇಳಿದ ಅದೇ ಹೆಸರು. ಇನ್ನೇನು ಬೇಕು? ಬೆಳಿಗ್ಗೆ ಒಂದು, ಸಂಜೆ ಒಂದು. ನಾನು ತಪ್ಪದೆ ನುಂಗುತ್ತಿದ್ದೆ ಎಂದು ಮಾವ ಹೇಳುತ್ತಾನೆ. ಎಷ್ಟೋ ಸಲ ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದೆ ಎಂದು ನನ್ನ ನೆನಪು. ಆದರೆ ಈ ನೆನಪು ನನಗೆ ತುಂಬ ಅನುಕೂಲವಾದದ್ದು. ಅದಕ್ಕೇ ನಂಬಿಕೆ ಬರುವುದಿಲ್ಲ.

ಕೀಮೋದ ಔಷಧಿ ಕೆಂಪಗಿತ್ತು. ಒಳಗೆ ಹೋಗುವುದೂ ಕೆಂಪು, ಮೂತ್ರದಲ್ಲಿ ಹೊರಗೆ ಬರುವುದೂ ಕೆಂಪು. ಕೂದಲು ದಿಂಬಿನ ಮೇಲೆ ಉಳಿಯಿತು. ಉಗುರು ಕಪ್ಪಾಯಿತು. ಬಾಯೆಲ್ಲ ಹುಣ್ಣು. ಅದನ್ನೆಲ್ಲ ಮೊದಲೇ ಹೇಳಿದ್ದರು, ತಡೆದುಕೊಂಡೆ. ಯಾರೂ ಹೇಳದೇ ಇದ್ದದ್ದು ಮೂಗಿನ ವಿಷಯ. ಕೆಲವು ವಾಸನೆ ಸತ್ತೇ ಹೋದವು. ಕೆಲವು ಹತ್ತರಷ್ಟಾದವು. ಮಿಲ್ಲಿನಿಂದ ಮಾವ ಬಾಗಿಲಿಗೆ ಬಂದರೆ ಸಾಕು, ಹಿಂಡಿಯ ವಾಸನೆ, ಕಾದ ಎಣ್ಣೆಯ ವಾಸನೆ, ಹೊಟ್ಟೆ ತೊಳಸಿ ಬರುತ್ತಿತ್ತು. ಹದಿನಾರು ವರ್ಷ ಜೊತೆಗೆ ಮಲಗಿದ ವಾಸನೆ ಅದು. ಹತ್ತಿರ ಬರಬೇಡ ಎಂದೆ. ಸೋಪು ಹಾಕಿ ತಿಕ್ಕಿಕೊಂಡು ಬಂದ. ಹೋಗಲಿಲ್ಲ. ಸೀಗೆಪುಡಿ ಹಾಕಿಕೊಂಡು ಬಂದ.

"ಇನ್ನೂ ಐತಾ?"

"ಐತೆ."

"ಕಮಟಾ?"

ಹೌದು ಎಂದುಬಿಟ್ಟೆ. ಅದು ಕಮಟಲ್ಲ, ಬರೀ ಎಣ್ಣೆ. ಆದರೆ ಅವನಿಗೆ ನೋವಾಗುವ ಮಾತೇ ನನಗೆ ಬೇಕಿತ್ತು. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಕ್ಯಾನ್ಸರ್ ಕೈಗೆ ಸಿಗುವುದಿಲ್ಲ. ಅವತ್ತಿನಿಂದ ಅವನು ಪಡಸಾಲೆಯಲ್ಲಿ ಮಲಗಿದ.

ಬೇಸಿಗೆ ಬಂತು. ಚಳ್ಳಕೆರೆಯ ಬೇಸಿಗೆ. ಕಂಬಳಿ ಹೊಡೆದ ಕೋಣೆಯಲ್ಲಿ ಬೆಂದೆ. ಆಗ ಕೊಂಡ್ಲಹಳ್ಳಿಯಿಂದ ಅವ್ವ ಬಂದಳು. ಅಲ್ಲಿಯವರೆಗೆ ಅವಳಿಗೆ ಸರಿಯಾಗಿ ಹೇಳಿರಲಿಲ್ಲ, ಗಂಟು ತೆಗೆದಿದ್ದಾರೆ ಎಂದಷ್ಟೇ ಹೇಳಿದ್ದೆವು. ಬಂದವಳು ಬೋಳು ತಲೆ ನೋಡಿದಳು. ಅಳಲಿಲ್ಲ. ಕಿಟಕಿ ನೋಡಿದಳು. ಬಾಗಿಲ ಸಂದಿಯ ಗೋಣಿಚೀಲವನ್ನು ಕಾಲಿನಿಂದ ಎಳೆದು ಹಾಕಿ ತಮ್ಮನನ್ನು ಕೂಗಿದಳು.

"ಲೇ ತಿಪ್ಪೇಶಿ, ಏನಲೇ ಇದು?"

"ನಿಂಗೆ ತಿಳಿಯಲ್ಲ ಅಕ್ಕ. ಡಾಕ್ಟ್ರಮ್ಮ ಹೇಳೈತೆ."

"ಕಿಟಕಿಗೆ ಕಂಬಳಿ ಹೊಡಿ ಅಂದ್ಲಾ?"

ಅಂದಂಗೇ ಲೆಕ್ಕ ಎಂದ ಮಾವ.

"ನನ್ನ ಮಗಳನ್ನ ಡಬ್ಬಿ ಎಣ್ಣೆ ಮಾಡೀಯಲ್ಲೋ. ಮ್ಯಾಲೊಂದು ಸೀಲು ಜಡಿದುಬಿಡು, ಲಾರಿಗೆ ಹಾಕಾಕೆ ಬರ್ತೈತೆ."

ನನಗೆ ನಗು ಬಂತು. ಬಾಯಿ ಹುಣ್ಣಾಗಿದ್ದರಿಂದ ನಗಲು ಆಗಲಿಲ್ಲ. ಅವ್ವ ಕಂಬಳಿಗೆ ಕೈ ಹಾಕಿದಳು. ಬೇಡ, ಇರಲಿ ಎಂದೆ. ಅವ್ವ ತಿರುಗಿ ನನ್ನನ್ನೇ ನೋಡಿದಳು. ಮಾವನೂ ನೋಡಿದ. ನಾನು ಯಾಕೆ ಹಾಗೆಂದೆ? ಈಗ ಯೋಚಿಸಿದರೆ ಒಂದೊಂದು ಸಲ ಒಂದೊಂದು ಕಾರಣ ಹೊಳೆಯುತ್ತದೆ. ಬೀದಿಯವರು ತಲೆ ನೋಡಬಾರದೆಂದು. ಮಾವನ ಮಾತು ಬೀಳಬಾರದೆಂದು. ಅಥವಾ ನಾನೂ ನಂಬಿದ್ದೆ ಎಂದು. ಡಾಕ್ಟರುಗಳು ಹೇಳಿದ್ದರಲ್ಲಿ ನನ್ನ ಕೈಯಿಂದ ಮಾಡಬಹುದಾದದ್ದು ಏನೂ ಇರಲಿಲ್ಲ, ಎಲ್ಲವನ್ನೂ ಅವರೇ ನನಗೆ ಮಾಡುತ್ತಿದ್ದರು. ಕತ್ತಲಲ್ಲಿ ಕೂರುವುದೊಂದೇ ನಾನು ಮಾಡುತ್ತಿದ್ದದ್ದು. ಅದನ್ನೂ ಬಿಟ್ಟರೆ ಉಳಿಯುವುದೇನು?

ಕಂಬಳಿ ಹಾಗೇ ಉಳಿಯಿತು. ಅವ್ವ ಬೀಸಣಿಗೆ ಹಿಡಿದು ನನ್ನ ಪಕ್ಕ ಕೂತಳು. ಅವಳ ತವರು ಆಂಧ್ರದ ಗಡಿಯದು. ಮನಸ್ಸು ಕಲಕಿದಾಗ ಅವಳಿಗೆ ತೆಲುಗು ಬರುತ್ತದೆ. "ಏಮೀ ಕಾದು, ಏಮೀ ಕಾದು" ಎನ್ನುತ್ತ ಬೀಸಿದಳು. ಏನೂ ಆಗಲ್ಲ, ಏನೂ ಆಗಲ್ಲ. ಎಲ್ಲವೂ ಆಗಿಹೋಗಿತ್ತು.

ಮಳೆಗಾಲದಲ್ಲಿ ರೇಡಿಯೇಷನ್‌ಗೆ ಬೆಂಗಳೂರಿಗೆ ಹೋದೆವು. ಅಲ್ಲಿಯ ಡಾಕ್ಟರು ಎದೆಯ ಮೇಲೆ ಬಣ್ಣದಲ್ಲಿ ಗೆರೆ ಹಾಕಿ ಅಳಿಸದಂತೆ ನೋಡಿಕೊಳ್ಳಿ ಎಂದರು. ಬೇರೇನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಹಿಂದೆಯೂ ಯಾರಾದರೂ ಕೇಳಿದ್ದರೋ ಏನೋ. ಕೇಳಿರಲಿಲ್ಲ ಎಂದು ನಾನು, ಕೇಳಿದ್ದರು ಎಂದು ಮಾವ. ಅವತ್ತಂತೂ ಮಾವ ಜೇಬಿನಿಂದ ಕ್ಯಾಪ್ಸೂಲಿನ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಒಂದು ದಿನವೂ ತಪ್ಪಿಸಿಲ್ಲ ಎಂದ.

ಡಾಕ್ಟರು ಸ್ಟ್ರಿಪ್ ತಿರುಗಿಸಿ ನೋಡಿದರು.

"ಇದನ್ನ ಇವತ್ತೇ ನಿಲ್ಲಿಸಿ."

ಯಾಕೆ ಎಂದು ಮಾವ ಕೇಳಿದ. ಕಮಟಿನ ಕಥೆಯನ್ನೆಲ್ಲ ಹೇಳಿದ. ಡಾಕ್ಟರು ತಾಳ್ಮೆಯಿಂದಲೇ ಕೇಳಿದರು.

"ನಿಮ್ಮ ಮಾತಲ್ಲೇ ಹೇಳ್ತೀನಿ. ರೇಡಿಯೇಷನ್ ಮಾಡೋ ಕೆಲಸವೇ ಕಮಟು ಹಿಡಿಸೋದು. ಕ್ಯಾನ್ಸರ್ ಕಣ ಎಲ್ಲಾದ್ರೂ ಉಳಿದಿದ್ರೆ ಅದನ್ನ ಒಳಗಿಂದ ಕೆಡಿಸಿ ಸಾಯಿಸಬೇಕು. ಕೀಮೋದ ಕೆಲವು ಔಷಧಿನೂ ಸ್ವಲ್ಪ ಮಟ್ಟಿಗೆ ಹಂಗೇ. ಇಂಥ ಜೋರಿನ ಕ್ಯಾನ್ಸರ್ ಕಣಗಳು ತಡೆಯೋ ಎನ್‌ಜೈಮ್‌ಗಳನ್ನ ತಾವೇ ಇಟ್ಕೊಂಡಿರೋದೂ ಉಂಟು. ಅದರ ಮೇಲೆ ನೀವೂ ತಡೆಯೋ ಮಾತ್ರೆ ಕೊಟ್ರೆ ಹೆಂಗೆ?"

"ನಾನು ಇವಳ ಮೈಗೆ ಕೊಟ್ಟಿದ್ದು ಸಾರ್. ಅದಕ್ಕಲ್ಲ."

"ಅದೂ ಇವರ ಮೈಯೇ ಅಲ್ವಾ."

ಮಾವ ಕುರ್ಚಿಯ ಕೈ ಹಿಡಿದುಕೊಂಡ. ಹಾಗಾದರೆ ಕೀಮೋ ನಡೆಯುವಾಗ ತಿಂದದ್ದು ಎಂದು ನಾನು ಕೇಳಿದೆ. ಏನೂ ಆಗಿರದೇ ಇರಬಹುದು ಎಂದರು. ಆಗಿರಲೂಬಹುದು. ಇದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲ, ನಾನು ನನ್ನ ರೋಗಿಗಳಿಗೆ ಬೇಡ ಎನ್ನುತ್ತೇನೆ ಅಷ್ಟೇ ಎಂದರು. ಗೊತ್ತು ಮಾಡಿಕೊಳ್ಳುವ ದಾರಿ?

"ಇಲ್ಲ. ಕಾದು ನೋಡಬೇಕು."

ಕಾದು ನೋಡಬೇಕು ಎಂದರೆ ಏನು ಎಂದು ಬಿಡಿಸಿ ಹೇಳುತ್ತೇನೆ. ಕ್ಯಾನ್ಸರ್ ಮರಳಿ ಬಂದರೆ ಅದು ಮಾತ್ರೆಯಿಂದಲೇ ಬಂತು ಎಂದು ಯಾರೂ ಹೇಳಲಾರರು. ಬಾರದೇ ಇದ್ದರೆ ಮಾತ್ರೆಯಿಂದ ಏನೂ ಆಗಿಲ್ಲ ಎಂದೂ ಹೇಳಲಾರರು. ಕಾಯುವುದೂ ಇದೆ, ನೋಡುವುದೂ ಇದೆ, ಆದರೆ ಕೊನೆಗೂ ಕಾಣುವುದು ಏನೂ ಇಲ್ಲ. ಮೈ ತನ್ನನ್ನು ಉಳಿಸಿಕೊಳ್ಳಲೆಂದು ಮಾಡಿಕೊಂಡ ಎನ್‌ಜೈಮ್, ತನ್ನನ್ನು ತಿನ್ನುವುದನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ ಎಂದಾದರೆ ಅದರ ಮೇಲೆ ಸಿಟ್ಟಾಗುವುದು ಹೇಗೆ? ಮಾವನ ಮೇಲೆ ಸಿಟ್ಟಾಗುವುದು ಹೇಗೆ? ಆದೆ. ಬೆಂಗಳೂರಿನಲ್ಲಿದ್ದಷ್ಟು ದಿನವೂ ಆದೆ. ಅವನು ಎದುರು ಮಾತಾಡಲಿಲ್ಲ. ಅದಕ್ಕೂ ಸಿಟ್ಟು ಬಂತು.

ಸುಟ್ಟ ಚರ್ಮದ ಮೇಲೆ ತೆಳು ಬಟ್ಟೆ ಹೊದ್ದುಕೊಂಡು ಮರಳಿ ಬರುವಾಗ ಸುತ್ತಾದರೂ ದಾವಣಗೆರೆಗೆ ಹೋಗಬೇಕೆಂದು ಹಟ ಹಿಡಿದೆ. ಡಾಕ್ಟರ್ ವೀಣಾ ಅವರನ್ನು ಹುಡುಕಿಕೊಂಡು ಹೋದೆವು. ಲ್ಯಾಬಿನ ಬಾಗಿಲಲ್ಲಿ ನಿಂತು, ನನ್ನ ರಕ್ತದ ಅಂಕಿ ಹೇಳಿ ಎಂದೆ. ಆ ಎನ್‌ಜೈಮ್‌ಗಳು ನನ್ನಲ್ಲಿ ಹೆಚ್ಚಿದ್ದವೋ ಕಡಿಮೆ ಇದ್ದವೋ, ಅಷ್ಟು ಸಾಕು. ಅವರು ಮುಜುಗರದಿಂದ, ಒಬ್ಬೊಬ್ಬರ ಅಂಕಿಗೆ ಅರ್ಥವಿಲ್ಲ ಮೇಡಂ, ಎಲ್ಲರದನ್ನೂ ಸೇರಿಸಿ ನೋಡಬೇಕು, ಅದೂ ರಕ್ತದಲ್ಲಿ ಇರುವುದೊಂದು ಗಡ್ಡೆಯೊಳಗೆ ಇರುವುದೊಂದು ಎಂದರು.

"ನಾನು ಎಲ್ಲರೂ ಅಲ್ಲ" ಎಂದೆ.

ಅವರು ತಲೆ ತಗ್ಗಿಸಿದರು. ಮಾವ ಕಂಬಳಿ, ಕ್ಯಾಪ್ಸೂಲ್ ಎಲ್ಲವನ್ನೂ ಹೇಳಿದ. ದೂರುವ ಹಾಗೆ ಅಲ್ಲ, ಒಪ್ಪಿಸುವ ಹಾಗೆ. ಅವರ ಕಣ್ಣಲ್ಲಿ ನೀರು ಬಂತು. ಅರ್ಥವಾಗಲಿ ಎಂದು ಎಣ್ಣೆಯ ಮಾತು ಹೇಳಿದೆ ಅಷ್ಟೇ, ಇಷ್ಟೊಂದು ಅರ್ಥವಾಗುತ್ತದೆ ಎಂದುಕೊಂಡಿರಲಿಲ್ಲ ಎಂದರು. ಅವರ ತಪ್ಪೇನಿದೆ? ಆದರೆ ತಪ್ಪೇ ಇಲ್ಲದವರ ಕೈಯಿಂದ ಹೀಗಾದರೆ ನಾನು ಯಾರನ್ನು ಕೇಳಲಿ? ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಮನೆಯಲ್ಲಿ ಕಂಬಳಿ ಕಿಟಕಿಯ ಮೇಲೇ ಇತ್ತು. ಅದನ್ನು ತೆಗೆಯುವ ಮಾತು ಯಾರೂ ಎತ್ತಲಿಲ್ಲ. ತೆಗೆದರೆ ಏನನ್ನೋ ಒಪ್ಪಿಕೊಂಡ ಹಾಗೆ. ಬಿಟ್ಟರೂ ಹಾಗೇ. ಅವ್ವ ಅಡುಗೆ ನೋಡಿಕೊಂಡಳು. ನಾಲಿಗೆಗೆ ಮೆಲ್ಲಗೆ ಉಪ್ಪು ಗೊತ್ತಾಗತೊಡಗಿತು. ಮೂಗೂ ಬರುತ್ತಿದೆ ಎನಿಸಿತು.

ಮುಂದಿನದನ್ನು ಇಲ್ಲಿ ಬರೆಯುತ್ತಿದ್ದೇನೆ. ಆದರೆ ಅದು ಮೊದಲ ಚೆಕಪ್‌ಗೆ ಮುಂಚೆ ನಡೆಯಿತೋ ನಂತರವೋ ಎಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಚೆಕಪ್‌ನಲ್ಲಿ, ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದಿದ್ದರು. ಆ ಸದ್ಯಕ್ಕೆ ಎಂಬುದನ್ನು ಹಿಡಿದುಕೊಂಡೇ ಈಗಲೂ ಬದುಕುತ್ತಿದ್ದೇನೆ.

ಆಪರೇಷನ್ ಆದ ತಿಂಗಳಲ್ಲಿ, ಹೊಸ ಬೀಜದ ಮೊದಲ ಎಣ್ಣೆಯನ್ನು ಮಾವ ಒಂದು ಡಬ್ಬಿ ತಂದು ಅಟ್ಟದಲ್ಲಿ ಇಟ್ಟಿದ್ದನಂತೆ. ನನಗೆ ಬಾಯಿ ರುಚಿ ಬಂದ ದಿನ ಅದರಲ್ಲೇ ಒಗ್ಗರಣೆ ಹಾಕಬೇಕು ಎಂದು. ಬಾಯಿವರೆಗೆ ತುಂಬಿಸಿ, ಅವನೇ ಕೂತು ಬೆಸುಗೆ ಹಾಕಿಸಿ, ಮೇಲೆ ಗೋಣಿ ಸುತ್ತಿ, ಕತ್ತಲ ಮೂಲೆಯಲ್ಲಿಟ್ಟಿದ್ದ. ನನಗೆ ಹೇಳಿರಲಿಲ್ಲ. ಒಂದು ಸಂಜೆ ಕೆಳಗಿಳಿಸಿ ಬಾಯಿ ಕೊಯ್ದ.

ಅವನಿಗಿಂತ ಮೊದಲು ನನಗೆ ಗೊತ್ತಾಯಿತು. ಅಷ್ಟು ದೂರದಿಂದ, ಮಂಚದ ಮೇಲಿಂದ. ಕಮಟು.

ಮಾವ ಅಂಗೈಗೆ ಹಾಕಿ ಉಜ್ಜಿದ. ಮೂಸಿದ. ಇನ್ನೊಂದು ಸಲ ಮೂಸಿದ. ಡಬ್ಬಿಯನ್ನು ತಿರುಗಿಸಿ ತೂತು ಹುಡುಕಿದ. ಇರಲಿಲ್ಲ. ಬೇಸಿಗೆಯ ಕಾವು ಅಟ್ಟಕ್ಕೆ ಹೊಡೆದಿರಬಹುದು. ಬೀಜವೇ ಒಳಗೆ ಕೆಟ್ಟಿದ್ದಿರಬಹುದು.

"ಎಲ್ಲಾ ಸರಿಯಾಗೇ ಮಾಡಿದ್ದೆ" ಎಂದ.

ಅಂಗೈಯನ್ನು ಹಾಗೇ ತೆರೆದುಕೊಂಡು ಬಂದು, ಆ ವಾಸನೆಯ ಸಮೇತ, ನನ್ನ ಪಕ್ಕ ಕೂತ. ತಿಂಗಳುಗಟ್ಟಲೆ ಕೂತಿರಲಿಲ್ಲ.

"ಆ ಮಾತ್ರೆ ತಿನ್ನಿಸಿದ್ರಿಂದ ನಿಂಗೇನಾದ್ರೂ ಆಗೈತೇನೇ?"

ಏನೂ ಆಗಿಲ್ಲ ಎನ್ನಬಹುದಿತ್ತು. ಅವ್ವ ಅದನ್ನೇ ಹೇಳು ಎಂದು ಅಡುಗೆಮನೆ ಬಾಗಿಲಿನಿಂದ ಕಣ್ಸನ್ನೆ ಮಾಡಿದಳು.

"ಗೊತ್ತಿಲ್ಲ ಮಾವ."

ಅವನು ತಲೆಯಾಡಿಸಿದ. ಬಹಳ ದಿನದಿಂದ ಯಾರಾದರೂ ತನಗೆ ಇದನ್ನು ಹೇಳಲಿ ಎಂದು ಕಾಯುತ್ತಿದ್ದವನ ಹಾಗೆ. ಹೀಗೆಂದು ನನಗೆ ಅನ್ನಿಸಿತು. ಅವನಿಗೆ ಏನನ್ನಿಸಿತೋ ನಾನು ಕೇಳಿಲ್ಲ.

ಚೆಲ್ಲಿಬಿಡುತ್ತೇನೆ ಎಂದು ಡಬ್ಬಿ ಎತ್ತಲು ಹೋದ. ದೀಪಕ್ಕಾಗ್ತೈತೆ ಬಿಡಲೇ ಎಂದು ಅವ್ವ ಕಿತ್ತುಕೊಂಡಳು. ಒಂದು ಹಣತೆಗೆ ಹಾಕಿ ಹಚ್ಚಿಯೇಬಿಟ್ಟಳು. ದೀಪ ಚೆನ್ನಾಗಿಯೇ ಉರಿಯಿತು. ಆದರೆ ಕಮಟು ವಾಸನೆ ಕೋಣೆಯೆಲ್ಲ ಹಬ್ಬಿತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಹೊಟ್ಟೆ ತೊಳಸಲಿಲ್ಲ. ಕೆಟ್ಟ ವಾಸನೆ ಕೆಟ್ಟದ್ದಾಗಿ ಮಾತ್ರ ಬಂತು, ಮೊದಲಿನ ಹಾಗೆ.

ಉಸಿರು ಕಟ್ಟುತ್ತಿದೆ ಮಾವ ಎಂದೆ.

ಅವನು ಎದ್ದು ಹೋಗಿ ಕಿಟಕಿಯ ಕಂಬಳಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತ.